ಕಂಬಳಿ ಹಾಸಿದ ಸೀಟು

ಇಲ್ಲ, ನಾ ಕುಂದ್ರಂಗಿಲ್ಲ. ಹಂಗ ಕೈ ಮಾಡಿ ಸೋಫಾ ತೋರಿಸಬ್ಯಾಡ್ರಿ, ನಾಗಭೂಷಣಣ್ಣ. ಅದು ಚರ್ಮದ ಸೋಫಾ. ಕೊರಳಾಗ ಲಿಂಗ ಕಟ್ಕೊಂಡಾಕಿ ನಾನು, ಚರ್ಮದ ಮ್ಯಾಲ ಕುಂತದ್ದು ಯಾವತ್ತರ ನೋಡೀರೇನು? ನಿಂತೇ ಮಾತಾಡ್ತೀನಿ. ಸಿಟ್ಟನ್ನ ನಿಂತೇ ಆಡಬೇಕು. ಕುಂತ್ರ ಅರ್ಧ ಇಳಿದುಬಿಡತೈತಿ. ಕಂಪ್ಲಿಯಿಂದ ಸಂಡೂರಿನ ತನಕ ಉಡಿಯಾಗ ಕಟ್ಕೊಂಡು ತಂದೀನಿ ಇದನ್ನ, ಹಾದಿ ಮ್ಯಾಲ ಒಂದು ಕಾಳೂ ಚೆಲ್ಲಿಲ್ಲ.

ಸುನಿತಾ, ಚಾ ಬ್ಯಾಡವಾ. ನಿಮ್ಮ ಮಾವನ ಜೋಡಿ ನಂದು ಎರಡು ಮಾತೈತಿ, ಆಡಿ ಹೊಂಟುಬಿಡ್ತೀನಿ. … ಡ್ರೈವರಿಗಾ? ಅವನಿಗೂ ಬ್ಯಾಡ. ದುರುಗೇಶ ಬಸ್‌ಸ್ಟ್ಯಾಂಡ್ ಕಡಿ ಚಾ ಕುಡಿಯಾಕ ಹೋಗ್ಯಾನ. ಗಾಡಿ ನಿಮ್ಮ ಗೇಟಿನ ಮುಂದ ನಿಲ್ಲಿಸಿ ಹೋದ. ನೀ ಒಳಗ ಹೋಗವಾ ತಾಯಿ.

ಹಾಂ. ಈಗ ಹೇಳ್ರಿ. ನಿನ್ನೆ ಹೊಸಪೇಟಿ ಕಾಲೇಜ್ ಮೈದಾನದಾಗ ಹಳೇ ಕಾರುಗಳ ಪ್ರದರ್ಶನ ಇಟ್ಟಿದ್ರಲ್ಲ, ಅಲ್ಲಿ ಕೈಯಾಗ ಮೈಕ್ ಕೊಟ್ಟಕೂಡಲೇ ಏನಂದ್ರಿ ನೀವು? ಇನ್ನೊಮ್ಮೆ ಅನ್ರಿ, ಕೇಳೋಣು. ಅನ್ನಂಗಿಲ್ಲಾ? ಮೈಕ್ ಇದ್ರ ಮಾತ್ರ ಬಾಯಿ ಬರ್ತೈತೇನು? ಹೋಗ್ಲಿ, ನಾನೇ ಅಂತೀನಿ. "ಆವತ್ತಿನ ರೇಸಿನ್ಯಾಗ ನನ್ನ ಗೆಳೆಯ ಉಜ್ಜಿನಪ್ಪ ತನ್ನ ಎಂ.ಜಿ. ಹೊಡ್ಕೊಂಡು ನನ್ನ ಮಸ್ಟಾಂಗನ್ನ ಸೋಲಿಸಿದ ಅಂತ ಕಂಪ್ಲಿ ಮಂದಿ ಈಗಲೂ ಮೀಸಿ ತಿರುವ್ತಾರ. ಖರೇ ಏನಂದ್ರ, ಬಂಡೆಗಳ ತಿರುವಿನ್ಯಾಗ ನಾನೇ ಕಾಲು ಸಡಿಲ ಬಿಟ್ಟೆ. ಗೆಳೆಯನ ಮುಖ ಸಣ್ಣದಾಗಬಾರದು ಅಂತ ದಾರಿ ಬಿಟ್ಟುಕೊಟ್ಟೆ." ಇದೇ ಅಲ್ಲೇನು ನೀವಂದದ್ದು? ಒಂದು ಮಾತು ಹೆಚ್ಚುಕಡಿಮಿ ಆಗಿದ್ರ ತಿದ್ರಿ. ನಾ ಸಾಲಿ ಕಲ್ತಾಕಿ ಅಲ್ಲ, ಬರದಿಟ್ಕೊಳ್ಳಾಕ ಬರಂಗಿಲ್ಲ. ಆದ್ರ ಕಿವಿಗೆ ಬಿದ್ದದ್ದು ಮರಿಯಂಗಿಲ್ಲ.

ಮಂದಿ ಚಪ್ಪಾಳಿ ಹೊಡೆದ್ರು. ಎಂಥಾ ದೊಡ್ಡ ಮನಸಿನ ಮನುಷಾ ಅಂದ್ರು. ಮುಂದಿನ ಸಾಲಿನ್ಯಾಗ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ನಾ ಕುಂತಿದ್ದೆ. ನನ್ನ ಮುಖ ನೋಡಿದ್ರೇನು ನೀವು? ನೋಡಲಿಲ್ಲ. ನಮ್ಮ ಯಜಮಾನ್ರು ತೀರಿಕೊಂಡು ಇನ್ನ ವರ್ಷ ತುಂಬಿಲ್ಲ. ಅವರಿದ್ದಾಗ ಈ ಮಾತು ಆಡೋ ಎದಿ ನಿಮಗಿರಲಿಲ್ಲ. ಸತ್ತವರು ಎದ್ದು ಬಂದು ಉತ್ತರ ಕೊಡಂಗಿಲ್ಲ ಅಂತ ಈಗ ಧೈರ್ಯ ಬಂತು. ಹೌದಿಲ್ಲೋ?

ತಲಿ ತಗ್ಗಿಸಿದ್ರ ಆಗಲಿಲ್ಲ. ಕೇಳ್ರಿ ಇನ್ನೂ ಐತಿ. ಸಂಜೀ ಮುಂದ ಬಸ್ಸಿನ್ಯಾಗ ಮನಿಗೆ ಹೊಳ್ಳಿ ಹೊಂಟಿದ್ವಿ. ಪಕ್ಕಕ್ಕ ನಮ್ಮ ಸ್ಫೂರ್ತಿ ಕುಂತಿದ್ಲು, ನನ್ನ ಮೊಮ್ಮಗಳು. ಹಾದ್ಯಾಗ ಕೇಳಿದ್ಲು: "ಅಜ್ಜಿ, ತಾತ ಗೆದ್ದದ್ದು ಸುಳ್ಳಾ?" ಆ ಕೂಸಿಗೆ ನಾ ತುತ್ತಿಗೊಂದು ಮಾತಿನಂಗ ಆ ರೇಸಿನ ಕತಿ ಹೇಳಿ ಅನ್ನ ಉಣ್ಣಿಸೀನ್ರಿ. ಕೆಂಪು ಗಾಡಿ ಬಂತು, ಆಂ ಅನ್ನು. ನೀಲಿ ಗಾಡಿ ಹಿಂದ ಬಿತ್ತು, ಆಂ ಅನ್ನು. ಆ ಕತಿ ತಿಂದು ದೊಡ್ಡಾಕಿ ಆಗ್ಯಾಳ. ಈಗ ನೀವು ಮೈಕ್ ಹಿಡಿದು ಆಕಿ ಉಂಡ ಅನ್ನಾನೇ ಸುಳ್ಳು ಮಾಡಿದ್ರಿ. ನಾ ಏನು ಹೇಳ್ಬೇಕಿತ್ತು ಆಕಿಗೆ? ಹೇಳ್ರಿ, ಏನು ಹೇಳ್ಬೇಕಿತ್ತು?

ಯಾಕ ನಗ್ತೀರಿ? ನಕ್ಕದ್ದು ಕಂಡೀನಿ, ಮೀಸಿ ಕೆಳಗ ನಕ್ರೇನು ಕಾಣಂಗಿಲ್ಲಂತ ತಿಳ್ದೀರಾ? ಗೊತ್ತೈತಿ ನಿಮ್ಮ ಮನಸಿನ್ಯಾಗ ಏನೈತಿ ಅಂತ. ಎಂ.ಜಿ. ಎಲ್ಲಿ, ಮಸ್ಟಾಂಗ್ ಎಲ್ಲಿ, ಈ ಮುದುಕಿಗೇನು ತಿಳಿತೈತಿ ಅಂತ.

ಹಂಗಾದ್ರ ಅದನ್ನೇ ಮಾತಾಡೋಣು. ಎರಡೂ ಗಾಡಿ ಮುಂದ ಇಟ್ಕೊಂಡು ಮಾತಾಡೋಣು.

ನಮ್ಮ ಎಂ.ಜಿ. ಇಂಗ್ಲೆಂಡಿನ ಕೂಸು. ನಮ್ಮ ಮಾವನವರು, ಡ್ಯಾಂ ಕಟ್ಟೋ ಕಾಲಕ್ಕ ಬಂದಿದ್ದ ಒಬ್ಬ ಇಂಗ್ಲೀಷ್ ಇಂಜಿನಿಯರ್ ಊರಿಗೆ ಹೋಗಬೇಕಾದ್ರ ಅವನ ಕಡಿಂದ ತಗೊಂಡಿದ್ದು. ಇವತ್ತಿನ ಹುಡುಗ್ರು ಎಂ.ಜಿ. ಅಂದ್ರ ಕರೆಂಟಿನ ಕಾರಾ ಅಂತ ಕೇಳ್ತಾರ. ಅಲ್ಲಪ್ಪಾ, ಇದು ಎರಡೇ ಸೀಟಿನ ಗಾಡಿ, ಮ್ಯಾಲ ಬಟ್ಟಿ ಮುಚಗಿ, ಒಳಗ ಕಟಿಗಿ ಚೌಕಟ್ಟು, ಹೊರಗ ತಗಡು. ನಮ್ಮ ಬಂಡಿ ಕಟ್ಟಿದಂಗೇ ಕಟ್ಯಾರ. ಮಳಿಗಾಲದಾಗ ಕಟಿಗಿ ಉಬ್ಬಿ ಬಾಗಿಲು ಮುನಿಸ್ಕೊಂತೈತಿ, ಬ್ಯಾಸಿಗ್ಯಾಗ ಒಣಗಿ ಕಿರ್ ಕಿರ್ ಅಂತೈತಿ. ಒಂದ್ಸಲ ಬಾಗಿಲ ಹತ್ತಿರದ ಕಟಿಗಿ ಗೆದ್ದಲು ತಿಂದಾಗ ಬಡಗೇರ ಎರ್ರಿಯಪ್ಪ ಸಾಗವಾನಿ ಕೆತ್ತಿ ಕೂಡಿಸಿದ. ಇಂಗ್ಲೀಷರ ಗಾಡ್ಯಾಗ ಕಂಪ್ಲಿ ಸಾಗವಾನಿ. ಒಪ್ಪಿಕೊಂತು. ಬಾಗಿಲು ಹಿಂದಕ್ಕ ತೆರೀತಾವ ನೋಡ್ರಿ, ಸೀರಿ ಉಟ್ಟಾಕಿ ಮೊದಲು ಕುಂತು ಆಮ್ಯಾಲ ಕಾಲು ಒಳಗ ತಗೋಬಹುದು. ಹೆಣಮಕ್ಕಳ ಸಲುವಾಗೇ ಮಾಡಿದಂಗೈತಿ.

ಸೀಟು ಮಾತ್ರ ಚರ್ಮದ್ದು. ಅದೊಂದು ಇಂಗ್ಲೀಷರ ಕೆಟ್ಟ ಚಾಳಿ. ಮದುವಿ ಆಗಿ ಬಂದ ಹೊಸದರಾಗ ನಾ ಹತ್ತಂಗಿಲ್ಲ ಅಂತ ಹಟಾ ಹಿಡದೆ. ನಮ್ಮ ಯಜಮಾನ್ರು ಕುರುಬರ ಕಡಿಂದ ಕರೀ ಕಂಬಳಿ ತಂದು ನನ್ನ ಸೀಟಿಗೆ ಹಾಸಿ, "ಈಗರ ಏರವಾ ಮಹಾತಾಯಿ" ಅಂದ್ರು. ತಾವು ಮಾತ್ರ ಬರೇ ಚರ್ಮದ ಮ್ಯಾಲೇ ಕುಂದ್ರೋರು, ಗಂಡಸಿಗೆ ನಡೀತೈತಿ ಅಂತ. ಆವತ್ತಿಂದ ಈವತ್ತಿನ ತನಕ ನಾ ಆ ಗಾಡಿ ಹತ್ತಿದ್ರ ಆ ಕಂಬಳಿ ಮ್ಯಾಲ. ಕಂಪ್ಲಿ, ಗಂಗಾವತಿ, ಹೊಸಪೇಟಿ, ಎಲ್ಲಾ ಮಂದಿಗೂ ಗೊತ್ತು, ಉಜ್ಜಿನಪ್ಪನ ಗಾಡ್ಯಾಗ ಕಂಬಳಿ ಇದ್ದ ಸೀಟು ಸಂಗಮ್ಮಂದು ಅಂತ.

ನಿಮ್ಮ ಮಸ್ಟಾಂಗಿನ್ಯಾಗ ಆ ರಗಳಿ ಇಲ್ಲ, ಒಪ್ಕೊಂತೀನಿ. ರೆಕ್ಸಿನ್ ಸೀಟು. ಅಮೆರಿಕದವರು ಅಷ್ಟರ ಪುಣ್ಯ ಮಾಡ್ಯಾರ. ಬೊಂಬಾಯಿಂದ ನೀವು ಅದನ್ನ ತಂದ ವರ್ಷ ನಿಮ್ಮ ಹೆಂಡತಿ, ಪುಣ್ಯಾತಗಿತ್ತಿ, ನನ್ನ ಕರ್ಕೊಂಡು ಹೋಗಿ ಕುಂದರ್ಸಿದ್ಲು. ದಿವಾನ ಮ್ಯಾಲ ಕುಂತಂಗ ಮೆತ್ತಗ. ಆದ್ರ ಆ ಗಾಡಿ ಕಟ್ಟಿದವರು ಗುದ್ದಲಿ ಹಿಡಿದವರು, ಉಳಿ ಹಿಡಿದವರಲ್ಲ. ಮೂತಿಗೆ ಓಡೋ ಕುದುರಿ ಗೊಂಬಿ ಅಂಟಿಸ್ಯಾರ. ಎಂಜಿನ್ ಹಚ್ಚಿದ್ರ ನಮ್ಮ ರೈಸ್‌ಮಿಲ್ಲಿನ್ಯಾಗ ಎಲ್ಲಾ ಬೆಲ್ಟೂ ಒಂದೇ ಸಲ ತಿರುಗಿದಂಗ ನೆಲ ನಡುಗತೈತಿ. ಹೊಸಪೇಟ್ಯಾಗ ಎಣ್ಣಿ ಕುಡಿಸಿದ್ರ ಪಾಪಿನಾಯಕನಹಳ್ಳಿಗೆ ಬರೋದ್ರಾಗ ಮತ್ತ ಬಾಯಿ ಬಿಡತೈತಿ. ನೆಟ್ಟನ ರಸ್ತೆ ಕೊಡ್ರಿ, ಅದರ ಮುಂದ ನಮ್ಮ ಎಂ.ಜಿ. ಕುರಿಮರಿ. ಸುಳ್ಳು ಯಾಕ ಹೇಳ್ಲಿ? ಆದ್ರ ತಿರುವು ಬಂತಂದ್ರ? ಕೆಸರಿನ್ಯಾಗ ಎಮ್ಮಿ ತಿರುಗಿಸಿದಂಗ. ಚಕ್ರ ಸುತ್ತಿ ಸುತ್ತಿ ನಿಮ್ಮ ರಟ್ಟಿ ಬಿದ್ದು ಹೋಗತೈತಿ, ಮೂತಿ ಇನ್ನ ಹಳೇ ದಿಕ್ಕೇ ನೋಡ್ತಿರತೈತಿ. ನಮ್ಮದು ಹಂಗಲ್ಲ. ನೀವು ಮನಸಿನ್ಯಾಗ ಅಂದ್ಕೊಂಡ್ರ ಸಾಕು, ತಿರುಗಿರತೈತಿ.

ಮತ್ತ ನಿಮ್ಮ ಗಾಡಿದು ಡ್ರೈವರ್ ಎಡಕ್ಕ. ನೆನಪೈತಾ? ನಾ ಬಲಕ್ಕ ಕುಂತಿದ್ದೆ, ನೀವು ಎಡಕ್ಕ ಕುಂತು ಹೊಡಿತಿದ್ರಿ, ಸಂಡೂರು ಬಜಾರದಾಗ ಮಂದಿ ಬಾಯಿ ಮ್ಯಾಲ ಕೈ ಇಟ್ಕೊಂಡ್ರು. "ಏ ನೋಡ್ರಲೇ, ರೈಸ್‌ಮಿಲ್ ಸಾವ್ಕಾರ್ತಿ ಗಾಡಿ ಹೊಡ್ಯಾಕತ್ಯಾಳ." ನಿಮ್ಮ ಹೊಟ್ಟಿ ಹುಣ್ಣಾಗೋ ತನಕ ನಕ್ಕಿದ್ರಿ. "ಹೆಂಗಸು ಹೊಡಿಯೋದು ಇಷ್ಟೇ, ಮಂದಿ ಕಣ್ಣಾಗ" ಅಂದಿದ್ರಿ. ನನಗ ಮರ್ತಿಲ್ಲ ಅದು.

ಕೈ ಯಾಕ ನೋಡ್ತೀರಿ? … ಮಸಿ. ಒಲಿ ಮಸಿ. ಗ್ಯಾಸ್ ಇದ್ರ ಏನಾತು, ಮೈ ತೊಳಿಯಾಕ ನೀರೊಲಿ ಇಲ್ಲೇನು ನಮ್ಮನ್ಯಾಗ? ಮಾತು ತಪ್ಪಿಸಬ್ಯಾಡ್ರಿ. ಕಿಟಕ್ಯಾಗೂ ನೋಡಬ್ಯಾಡ್ರಿ. ದುರುಗೇಶ ಬರ್ತಾನ. ದೇವರಿಗೆ ಕೈ ಮುಗಿದು ಬರ್ತೀನಿ ಅಂತ ಹೋಗ್ಯಾನ.

ಈಗ ಆವತ್ತಿನ ಮಾತಿಗೆ ಬರ್ರಿ. ಸಂಕ್ರಾಂತಿ ಮುಂದಿನ ಥಂಡಿ. ಬೆಳಕು ಹರಿಯೋ ಹೊತ್ತು. ಕಮಲಾಪುರದ ಕೆರಿ ಏರಿಯಿಂದ ಹೊಂಟು ನಮ್ಮ ಕಂಪ್ಲಿ ಮಿಲ್ಲಿನ ಗೇಟು ಮೊದಲು ಯಾರು ದಾಟ್ತಾರ ಅವರು ಗೆದ್ದಂಗ. ಮಾತು ನಿಮ್ಮದೇ. ಏರಿ ಮ್ಯಾಲ ನೀವು ಮೊದಲೇ ಬಂದು ನಿಂತಿದ್ರಿ. ನಮ್ಮ ಗಾಡಿ ತಡಾ ಮಾಡಿ ಬಂತು. ಮುಂದಿನ ಗಾಜು ಮಡಚಿ ಮಲಗಿಸಿತ್ತು, ಗಾಳಿ ಹರೀಲಿ ಅಂತ. ಉದ್ದ ಕೋಟು, ಕಿವಿ ಮುಚ್ಚೋ ಟೊಪಗಿ, ಗಾಳಿ ಕನ್ನಡಕ, ಮೂಗಿನ ತನಕ ಮಫ್ಲರ್. ನೀವು ಕೈ ಎತ್ತಿದ್ರಿ, ಈ ಕಡಿಂದಾನೂ ಕೈ ಎತ್ತಿದ್ರು. ಮಾತಿಲ್ಲ. ಕೂಡಲೇ ನೀವು ಹೊಂಟ್ರಿ, ಮುಖಕ್ಕ ಧೂಳು ಉಗುಳಿ ಹೊಂಟ್ರಿ. ನೆಟ್ಟನ ದಾರ್ಯಾಗ ನೀಲಿ ಚುಕ್ಕಿ ಆಗಿ ಕಣ್ಣಿಗೆ ಕಾಣದಂಗ ಹೋದ್ರಿ. ಹೌದಿಲ್ಲೋ? ಹೌದು.

ಮುಂದ? ಮುಂದ ಕಬ್ಬಿನ ಬಂಡಿ ಬಂತು. ತುಂಬಿದ ಬಂಡಿ, ಹಿಂದ ಕಬ್ಬು ಜೋತಾಡಿ ಅರ್ಧ ರಸ್ತೆ ಮುಚ್ಚಿತ್ತು. ನೀವು ಅದರ ಹಿಂದ ಸಿಕ್ಕೊಂಡ್ರಿ. ಯಾಕ? ಎಡಕ್ಕ ಕುಂತವರಿಗೆ ಬಂಡಿ ಆಚಿ ಕಡಿ ಏನೈತಿ ಕಾಣಂಗಿಲ್ಲ. ಬಲಕ್ಕ ಕುಂತವರು ಹೇಳ್ಬೇಕು, ಬರ್ರಿ, ದಾರಿ ಖಾಲಿ ಐತಿ ಅಂತ. ಆವತ್ತು ನಿಮ್ಮ ಬಲಕ್ಕ ಯಾರೂ ಇರಲಿಲ್ಲ. ಅದು ಅಮೆರಿಕದ ರಸ್ತಾಕ್ಕ ಮಾಡಿದ ಗಾಡಿ, ಕಂಪ್ಲಿ ಕಬ್ಬಿಗಲ್ಲ. ನೀವು ಹಾರನ್ ಹೊಡ್ಕೋತ ನಿಂತ್ರಿ. ಎತ್ತು ಬೆದರಿದ್ವು. ಅಷ್ಟರಾಗ ಈ ಕಡಿಂದ ಕುತ್ತಿಗಿ ಹೊರಗ ಹಾಕಿ ನೋಡಿದ್ರ ಕಾಲಿವಿ ತನಕ ರಸ್ತೆ ಖಾಲಿ. ಗೇರ್ ಇಳಿಸಿ ನಿಮ್ಮನ್ನೂ ಬಂಡಿನೂ ಒಂದೇ ಏಟಿಗೆ ದಾಟಿದ್ದು. ಕಬ್ಬಿನ ಸೋಗಿ ಗಲ್ಲಕ್ಕ ಹೊಡೀತು.

… ಅವರ ಗಲ್ಲಕ್ಕ. ಅವರು ಹೇಳಿದ್ದು ನಾ ಹೇಳಾಕತ್ತೀನಿ.

ಆಮ್ಯಾಲ ಬಂಡೆಗಳ ತಿರುವು. ಮೂರು ತಿರುವು, ಒಂದರ ಬೆನ್ನಿಗೊಂದು, ಎರಡೂ ಕಡಿ ಆನಿ ನಿಂತಂಗ ಬಂಡೆ. ಬಂಡಿ ದಾಟಿ ನೀವು ಮತ್ತ ಬೆನ್ನಿಗೆ ಬಿದ್ದಿದ್ರಿ. ನಿಮ್ಮ ಎಂಜಿನ್ ಸಪ್ಪಳ ಬೆನ್ನಾಗ ಕೇಳ್ತಿತ್ತು, ಸೀಟು ನಡುಗ್ತಿತ್ತು. ಇಲ್ಲೇ ಅಲ್ಲೇನು ನೀವು ಕಾಲು ಸಡಿಲ ಬಿಟ್ಟದ್ದು? ಬಿಟ್ಟಿರ್ತೀರಿ ಬಿಡ್ರಿ. ಬಿಡದಿದ್ರ ಆ ಎಮ್ಮಿ ಬಂಡೆಗೆ ಹೋಗಿ ಗುದ್ದತಿತ್ತು. ಅದಕ್ಕ ದಾರಿ ಕೊಟ್ಟೆ ಅನ್ನಂಗಿಲ್ಲ. ಜೀವಾ ಉಳಿಸಿಕೊಂಡೆ ಅಂತಾರ. ನಮ್ಮ ಗಾಡಿ ಹೆಂಗ ತಿರುಗ್ತು ಗೊತ್ತೇನು? ಭತ್ತದ ರಾಶಿ ನಡುವ ತಿರುಗಿದಂಗ. ನಮ್ಮ ಮಿಲ್ಲಿನ ಕಣದಾಗ ಕುದಿಸಿದ ಭತ್ತ ಒಣ ಹಾಕಿರ್ತಾರಲ್ಲ, ಹೆಣಮಕ್ಕಳು ಕಾಲಿಲೆ ಗೆರಿ ಎಳದು ತಿರುವಿ ಹಾಕಿ ಸಂಜೀಕ ರಾಶಿ ಮಾಡ್ತಾರ. ಆ ರಾಶಿಗಳ ನಡುವ ಹಾವಿನಂಗ ಹೊಡೀಬೇಕು, ಗಾಲಿ ಕೆಳಗ ಒಂದು ಕಾಳು ನುಗ್ಗಾಗಬಾರದು. ಹಂಗ ಕಲ್ತದ್ದು. ಬಂಡೆ ಅಂದ್ರ ಏನು, ಗಟ್ಟಿ ರಾಶಿ. ಮೊದಲ ತಿರುವಿಗೆ ಬ್ರೇಕ್ ಬ್ಯಾಡ, ಗೇರ್ ಇಳಿಸಿದ್ರ ಸಾಕು. ಎರಡನೇದಕ್ಕ ಒಳಗ ಒತ್ತಬೇಕು. ಮೂರನೇದಕ್ಕ ಕ್ಲಚ್ ತುಳಿಯಾಕ ಹೋದ್ರ ನೆರಿಗಿ ಸಿಕ್ಕೊಂತು ಪೆಡಲಿಗೆ, ಕಾಲು ಮ್ಯಾಲ ಬರವಲ್ದು, ಹಂಗೇ ಜಗ್ಗಿದ್ರ ಪರ್ ಅಂತ…

ಏನು ನೋಡ್ತೀರಿ?

ನೆರಿಗಿ ಅಂದ್ರ ಪ್ಯಾಂಟಿನ ನೆರಿಗಿ. ಇಸ್ತ್ರಿ ಹಾಕಿದ್ರ ಇರಂಗಿಲ್ಲೇನು? ಯಾರು ಕಲ್ತದ್ದು ಅಂತೀರಾ, ಅವರೇ. ಮತ್ಯಾರು? ಅವರ ಮಿಲ್ಲು, ಅವರ ಕಣ, ಅವರ ಗಾಡಿ.

ತಡೀರಿ, ಫೋನು. ಸ್ಫೂರ್ತಿ ಇರ್ಬೇಕು. ನನಗ ಓದಾಕ ಬರಂಗಿಲ್ಲಂತ ಎಲ್ಲಾರ ಫೋಟೋ ಹಾಕಿ ಕೊಟ್ಟಾಳ, ಯಾರದು ಬಂದೈತಿ ನೋಡೋಣು… ನೀವ್ಯಾಕ ಬಗ್ಗಿ ನೋಡ್ತೀರಿ? ಹೌದು, ದುರುಗೇಶನ ಫೋಟೋನೇ. ಇಲ್ಲ, ನಾ ಎತ್ತಂಗಿಲ್ಲ. ಹೊಡ್ಕೊಳ್ಳಲಿ. ಗಾಡಿ ಎಲ್ಲಿ ಅಂತ ಕೇಳ್ತಾನ. ಅಂದ್ರ… ನಿಲ್ಲಿಸಿದ ಗಾಡಿ ಎಲ್ಲಿ ಅಂತ. ಮರವು ಭಾಳ ಅವನಿಗೆ.

ಎಲ್ಲಿಗೆ ಎದ್ರಿ? ನಾಗಭೂಷಣಣ್ಣ, ನಾ ಮಾತಾಡಾಕತ್ತೀನಿ. ಮಾತಿನ ನಡುವ ಎದ್ದು ಹೊರಗ ಹೋದ್ರ ಏನರ್ಥ? ಗೇಟಿನ ಕಡಿ ಯಾಕ? ಗಾಡಿ ಮುಟ್ಟಬ್ಯಾಡ್ರಿ, ಎಂಜಿನ್ ಬಿಸಿ ಐತಿ. ಏ ಸುನಿತಾ, ನೋಡವಾ ನಿಮ್ಮ ಮಾವನ್ನ, ಬಿಸಲಾಗ ಹೊಂಟಾರ ತಲಿಗೊಂದು ಟೊಪಗಿ ಇಲ್ದ. ನನ್ನ ಮಾತಿಗೆ ಉತ್ತರ ಕೊಡಾಕ ಆಗಲಿಲ್ಲಂದ್ರ ಆಗಲಿಲ್ಲ ಅನ್ರಿ, ಓಡಿ ಹೋಗಬ್ಯಾಡ್ರಿ.

… ಏನದು ಕೈಯಾಗ?

ಅದನ್ನ ಯಾಕ ತಂದ್ರಿ? ಸೋಫಾ ಮ್ಯಾಲ ಯಾಕ ಹಾಸಾಕತ್ತೀರಿ? ನಾ ಕುಂದ್ರಲಿ ಅಂತ? … ಬ್ಯಾಡ. ಉಪಕಾರ ಬ್ಯಾಡ. ಕಂಬಳಿ ಗಾಡ್ಯಾಗ ಇತ್ತು, ಹೌದು, ನನ್ನ ಸೀಟಿನ್ಯಾಗ ಇತ್ತು, ಎಡ…

ಯಾಕ ಹಂಗ ನೋಡ್ತೀರಿ ನನ್ನ?

ಮಾತಾಡ್ರಿ. ಎಡಗಡಿ ಸೀಟಿನ ಮ್ಯಾಲ ಇತ್ತಲ್ಲ? ಇತ್ತು ಅನ್ರಿ. ಒಂದು ಮಾತು ಅಂದ್ರ ಬಾಯಾಗಿನ ಮುತ್ತು ಉದುರತಾವೇನು?

ಅನ್ನಂಗಿಲ್ಲ. ಅಲ್ಲಾ?

ಹೂಂ. ಬಲಕ್ಕಿತ್ತು. ಚಕ್ರದ ಹಿಂದ ಇತ್ತು. ದುರುಗೇಶ ಕಂಪ್ಲ್ಯಾಗ ಅದಾನ, ಗಾಡಿ ಕಳುವಾಗೈತಿ ಅಂತ ಊರೆಲ್ಲಾ ಹುಡುಕ್ಯಾಡ್ತಿರಬೇಕು. ನಾನೇ ಹೊಡ್ಕೊಂಡು ಬಂದೀನಿ. ಕೋಳಿ ಕೂಗೋಕ್ಕಿಂತ ಮೊದಲು ಎದ್ದು, ಸೀರಿ ಕಚ್ಚಿ ಹಾಕ್ಕೊಂಡು, ಗಾಡಿ ಮೂತಿಗೆ ಹ್ಯಾಂಡಲ್ ಹಾಕಿ ಎಂಜಿನ್ ತಿರುವಿ, ಇದೇ ಕೈಯಿಂದ. ನೋಡ್ರಿ ಈಗ ಬೇಕಾದಷ್ಟು ನೋಡ್ರಿ, ಎಂಜಿನ್ ಮಸಿ ಇದು, ಒಲಿದಲ್ಲ.

ಆದ್ರ ನಿಮಗ ಆಶ್ಚರ್ಯ ಆಗಿಲ್ಲ.

ಕಂಬಳಿ ಹಿಡ್ಕೊಂಡು ಬಂದ ನಿಮ್ಮ ಮುಖ ನೋಡಿದೆ ನಾನು. ಹೊಸದು ಕಂಡವರ ಮುಖ ಅಲ್ಲ ಅದು. ಅದನ್ನ ಮಡಚಿ ತಂದ ರೀತಿನೂ ನೋಡಿದೆ. ಒಂದ್ಸಲ ಉದ್ದ, ಒಂದ್ಸಲ ಅಡ್ಡ. ಕಂಬಳಿ ಹಂಗ ಮಡಚಿದ್ದು ನಾ ಒಂದೇ ಸಲ ನೋಡೀನಿ… ತಡೀರಿ. ತಡೀರಿ ತಡೀರಿ.

ಆವತ್ತು ನಾನೇ ಹೊಡೆದೆ. ಗೊತ್ತಾಗೈತಲ್ಲ ನಿಮಗ, ಹೇಳೇಬಿಡ್ತೀನಿ. ನಸುಕಿನ್ಯಾಗ ಯಜಮಾನ್ರು ಹ್ಯಾಂಡಲ್ ತಿರುವಾಕ ಹೋದ್ರು, ಅದು ಹಿಂದಕ್ಕ ಒದೀತು, ಮುಂಗೈ ಮುರೀತು. ಹೆಬ್ಬೆಟ್ಟು ಒಳಗ ಮಡಚಿ ಹಿಡಿದಿದ್ರು, ಹಂಗ ಹಿಡೀಬಾರದು ಅಂತ ಸಾವಿರ ಸಲ ಹೇಳಿದ್ದೆ. ಮುಂಗೈ ಬದನಿಕಾಯಿ ಆತು. "ಸೋತೆ ಅಂತ ಹೇಳಿ ಕಳಸ್ರಿ" ಅಂದೆ. ಹೇಳಂಗಿಲ್ಲ ಅಂದ್ರು. ಮೂಲ್ಯಾಗ ಕುಂತು ಸಣ್ಣ ಹುಡುಗನಂಗ ಕಣ್ಣೀರು ತಂದ್ರು. ಅವರ ಕೋಟು ನಾ ಹಾಕ್ಕೊಂಡೆ. ಕುಂತ್ರ ಇಬ್ಬರದೂ ಎತ್ತರ ಒಂದೇ. ಕಂಬಳಿ ಎಡದಿಂದ ತೆಗೆದು ಬಲಕ್ಕ ಹಾಸಿದೆ, ಎಂಥಾ ರೇಸಿದ್ರೂ ಲಿಂಗಧಾರಿ ಲಿಂಗಧಾರಿನೇ. ಹೊಂಟೆ. ನಿಮ್ಮನ್ನ ಹಿಂದ ಹಾಕಿ ಬಂದೆ. ಮಿಲ್ಲಿನ ಗೇಟಿನ ಒಳಗ ನುಗ್ಗಿ, ಕೋಟು ಟೊಪಗಿ ಅವರ ಮೈ ಮ್ಯಾಲ ಒಗೆದು, ಕೈ ತೊಳಿಯಾಕ ಹಿತ್ತಲಕ್ಕ ಓಡಿದೆ. ಅವರು ಮುರಿದ ಕೈ ಕೋಟಿನ ಕಿಸೆದಾಗ ಇಟ್ಕೊಂಡು ಹೊರಗ ಬಂದು ನಿಂತ್ರು. ನೀವು ಬಂದ್ರಿ. ನಾ ಮಜ್ಜಿಗಿ ತಂದು ಇಬ್ಬರಿಗೂ ಕೊಟ್ಟೆ, ಸೆರಗು ತಲಿ ಮ್ಯಾಲ ಹೊದ್ದು. ಆವಾಗ ನೆನಪಾತು, ಕಂಬಳಿ ಬಲಕ್ಕೇ ಐತಿ. ಓಡಿ ಹೋಗಿ ನೋಡಿದ್ರ ಕಂಬಳಿ ಎಡಗಡಿ ಸೀಟಿನ ಮ್ಯಾಲ ಇತ್ತು. ಮಡಚಿ ಇಟ್ಟಿತ್ತು. ಒಂದ್ಸಲ ಉದ್ದ, ಒಂದ್ಸಲ ಅಡ್ಡ.

ನಾ ಅವರು ಸರಿಸ್ಯಾರ ಅಂದ್ಕೊಂಡೆ. ಅವರು ನಾ ಸರಿಸೀನಿ ಅಂದ್ಕೊಂಡ್ರು. ಕೇಳಲಿಲ್ಲ, ಹೇಳಲಿಲ್ಲ, ಒಂದು ಜನ್ಮ ಕಳೀತು.

ಗೇಟಿನ ಒಳಗ ಬಂದಕೂಡಲೇ ನೀನು ಮೊದಲು ಗಾಡಿ ಹತ್ತಿರ ಹೋಗಿದ್ದಿ. "ಎಂಜಿನ್ ನೋಡ್ತೀನಿ" ಅಂದಿದ್ದಿ.

ಹೌದು, ನೀನು ಅಂದೆ. ಇಷ್ಟು ವರ್ಷ ನೀವು, ತಾವು, ಅಣ್ಣ ಅಂದೆ. ಇವತ್ತಿಗೆ ಸಾಕಾತು.

ಹೇಳು. ಕಂಬಳಿ ಎಡಕ್ಕ ಹಾಕಿದವ ನೀನು ಹೌದಲ್ಲೋ? ಯಾಕ ಹಾಕಿದಿ? ನನ್ನ ಮರ್ಯಾದಿ ಉಳೀಲಿ ಅಂತಾ? ಹೆಂಗಸಿನ ಕೈಯಾಗ ಸೋತೆ ಅಂತ ಮಂದಿಗೆ ಗೊತ್ತಾಗಬಾರದು ಅಂತಾ? … ಮಾತಾಡು ಅಂದ್ರ ನೆಲ ನೋಡ್ತಿ. ತಿಳೀತು ಬಿಡು. ನನ್ನ ಮರ್ಯಾದಿ ಸಲುವಾಗಿ ಆಗಿದ್ರ ಇಷ್ಟು ಹೊತ್ತಿಗೆ ಬಾಯಿ ಬಿಟ್ಟು ಹೇಳಿರ್ತಿದ್ದಿ.

ರಾತ್ರಿ ಕೈಗೆ ಕಟ್ಟು ಕಟ್ಟಬೇಕಾದ್ರ ನಮ್ಮವರು ಏನಂದ್ರು ಗೊತ್ತೇನು? "ಸಂಗೀ, ಊರಿಗೆ ಹೇಳಬ್ಯಾಡ, ಭೂಷಣನ ಮುಖ ಉಳಿಯಂಗಿಲ್ಲ." ನಿನ್ನೆ ಮೈಕಿನ್ಯಾಗ ನೀ ಏನಂದಿ? ಉಜ್ಜಿನಪ್ಪನ ಮುಖ ಉಳೀಲಿ ಅಂತ. ನಿನ್ನ ಮುಖ ಉಳಿಸಾಕ ಅವರು, ಅವರ ಮುಖ ಉಳಿಸಾಕ ನೀನು. ನನ್ನ ಮುಖ? ನನ್ನ ಮುಖಕ್ಕ ಟೊಪಗಿ, ಕನ್ನಡಕ, ಮಫ್ಲರ್. ಗೆದ್ದ ದಿನದಿಂದ ಇವತ್ತಿನ ತನಕ ಅದನ್ನ ಬಿಚ್ಚಿಲ್ಲ ನಾನು. ನನ್ನ ಕೂಸಿಗೆ ಅನ್ನ ಉಣ್ಣಿಸಬೇಕಾದ್ರೂ "ತಾತ ಗೆದ್ದ, ಆಂ ಅನ್ನು" ಅಂದೆ. ಅಷ್ಟಾದ್ರೂ ತಡಕೊಂಡೆ. ಗೆಲುವು ನಮ್ಮನ್ಯಾಗೇ ಐತಲ್ಲ, ಗಂಡನ ಹೆಸರಿನ್ಯಾಗ ಇದ್ರ ಏನಾತು ಅಂತ. ಈಗ ಅದನ್ನೂ ನೀ ತಗೊಂಡಿ. ನಿನಗ ಗೊತ್ತಿತ್ತು. ಗೊತ್ತಿದ್ದೂ ತಗೊಂಡಿ. ಗೊತ್ತಿಲ್ಲದವ ಸುಳ್ಳು ಹೇಳಿದ್ರ ದಡ್ಡ ಅಂತ ಬಿಟ್ಟುಬಿಡಬಹುದು.

ಆವತ್ತು ಕಂಬಳಿ ಜೋಡಿ ನನ್ನನ್ನೂ ಎಡಕ್ಕ ಸರಿಸಿದಿ, ನಾಗಭೂಷಣ. ಮಡಚಿ ಇಟ್ಟಿ.

ಕಣ್ಣು ಒರಸ್ಕೋಬ್ಯಾಡ. ಅಳೋ ಪಾಳಿ ನಿಂದಲ್ಲ. ಮುದುಕಾಗಿ, ಹೆಂಡತಿ ಇಲ್ಲ, ಗೆಳೆಯ ಇಲ್ಲ, ನಿನ್ನ ಮ್ಯಾಲ ನನಗೂ ಕನಿಕರ ಐತಿ. ಆದ್ರ ಅದು ಆಮ್ಯಾಲ. ಮೊದಲು ಕೆಲಸ.

ಏಳು. ಹೊಸಪೇಟ್ಯಾಗ ಇವತ್ತೂ ಪ್ರದರ್ಶನ ಐತಿ. ಮಧ್ಯಾಹ್ನಕ್ಕ ಬಹುಮಾನ ಕೊಡ್ತಾರ, ಮೈಕ್ ಇರತೈತಿ, ನಿನ್ನಿ ಚಪ್ಪಾಳಿ ಹೊಡೆದ ಮಂದಿನೂ ಇರ್ತಾರ. ನಮ್ಮ ಸ್ಫೂರ್ತಿನೂ ಬರ್ತಾಳ. ನೀ ಭಾಷಣ ಮಾಡೋದು ಬ್ಯಾಡ. ನಿನ್ನ ಬಾಯಿ ಮ್ಯಾಲ ನನಗ ನಂಬಿಗಿ ಇಲ್ಲ. ಸುಮ್ಮನ ನನ್ನ ಜೋಡಿ ಗಾಡ್ಯಾಗ ಬಂದು ಇಳದ್ರ ಸಾಕು, ನೋಡಿದವರಿಗೆ ತಿಳೀತೈತಿ.

ನಿಂದಲ್ಲ, ನಿನ್ನ ಗಾಡಿ ಕೀಲಿ ಅಲ್ಲೇ ಇಡು. ನಿನ್ನ ಅಮೆರಿಕದ ಗಾಡ್ಯಾಗ ಬಲಕ್ಕ ಕುಂತವರನ್ನ ನೋಡಿ ಮಂದಿ ಮೋಸ ಹೋಗ್ತಾರ. ನನ್ನ ಗಾಡ್ಯಾಗ ಆ ಸುಳ್ಳಿಲ್ಲ. ಬಲಕ್ಕ ಯಾರು ಕುಂತಾರ, ಅವರೇ ಹೊಡೀತಾರ. ಆ ಕಂಬಳಿ ತಗೋ. ಎಲ್ಲಿಂದ ತಂದಿ, ಅಲ್ಲೇ ಹಾಸು. ನೀನು ಎಡಕ್ಕ ಕುಂದ್ರು, ಬರೇ ಚರ್ಮದ ಮ್ಯಾಲ.

ಸುನಿತಾ, ನಿಮ್ಮ ಮಾವನ್ನ ಸಂಜೀಕ ತಂದು ಬಿಡ್ತೀನವಾ. ಊಟಕ್ಕ ಕಾಯಬ್ಯಾಡ.

ನಡಿ. ಮುಂದ ಹೋಗಿ ಹ್ಯಾಂಡಲ್ ನೀನೇ ತಿರುವು, ನಾ ಕುಂತು ಎಂಜಿನ್ ಹಿಡೀತೀನಿ. ಹುಷಾರು, ಅದು ಒದೀತೈತಿ. ಹೆಬ್ಬೆಟ್ಟು ಒಳಗ ಮಡಚಬ್ಯಾಡ. ನಿನ್ನ ಗೆಳೆಯ ಮಡಚಿದ್ದ.